ಗುಂಯ್‌ಗುಡುವ ಮರದ ಪೆಟ್ಟಿಗೆ

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ ಗುಂಯ್ ಎಂದು ಹಾಡತೊಡಗಿತು. ಗೇಣುದ್ದವೂ ಇಲ್ಲದ ಪೆಟ್ಟಿಗೆ. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂಡಿಸಿದ ಬಡಗಿಯ ಕೆಲಸ, ಮೈಮೇಲೆ ಮೂರು ಹಿತ್ತಾಳೆಯ ಗುಂಡಿಗಳು, ನೆತ್ತಿಯ ಮೇಲೆ ನಾಲಿಗೆಯಂತೆ ಚಾಚಿಕೊಂಡ ಉಕ್ಕಿನ ಪಟ್ಟಿ. 6 ವೋಲ್ಟ್ ಬ್ಯಾಟರಿಯ ತಂತಿಗಳನ್ನು ತಾಗಿಸಿದ ಕೂಡಲೇ ಆ ಪಟ್ಟಿ ನಡುಗಿತು. ಪಕ್ಕದಲ್ಲಿ ಎದುರುಬದುರಾಗಿ ಇಟ್ಟಿದ್ದ ಎರಡು ಮೊಳೆಗಳ ನಡುವೆ ನೀಲಿ ಕಿಡಿ ಚಟಚಟನೆ ಹಾರಿತು. ಒಳಗೆ ಸೊಪ್ಪು ಸೋಸುತ್ತಿದ್ದ ಅಮ್ಮ ಎದ್ದು ಬಂದು ಬಾಗಿಲಲ್ಲೇ ನಿಂತರು. "ಆಯುಧಪೂಜೆ ಇಷ್ಟು ಬೇಗ ಬಂತೇನೇ?" ಎಂದರು.

ಅಮ್ಮ ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಅಪ್ಪಾಜಿ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮೂವತ್ತನಾಲ್ಕು ವರ್ಷ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡಿದವರು. ಸೆಲ್ಫ್, ಡೈನಮೋ, ವೈರಿಂಗ್, ಬ್ಯಾಟರಿ ಚಾರ್ಜಿಂಗ್ ಎಲ್ಲವನ್ನೂ ಮಾಡುತ್ತಿದ್ದರು. ಆದರೆ ಪೆಟ್ರೋಲ್ ಗಾಡಿಯ ಇಗ್ನಿಷನ್, ಅಂದರೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಏರ್ಪಾಡು, ಎಂದರೆ ಮಾತ್ರ ಅವರ ಮುಖದ ಕಳೆಯೇ ಬೇರೆಯಾಗುತ್ತಿತ್ತು. ಈ ಪೆಟ್ಟಿಗೆ ಅವರಿಗೆ ಗುಜರಿಯಲ್ಲಿ ಸಿಕ್ಕಿತ್ತಂತೆ. ಕಬ್ಬಿಣದ ರಾಶಿಯಲ್ಲಿ ಮರದ ವಸ್ತುವಿಗೆ ತೂಕವೆಲ್ಲಿ, ಬೆಲೆಯೆಲ್ಲಿ, ಗುಜರಿಯವರು ಸುಮ್ಮನೆ ಕೊಟ್ಟುಬಿಟ್ಟರು. ಪ್ರತಿ ವರ್ಷ ಆಯುಧಪೂಜೆಯ ದಿನ ಅಂಗಡಿಯ ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ಅವರು ಈ ಪೆಟ್ಟಿಗೆಗೆ ಒಮ್ಮೆ ಕರೆಂಟು ಕೊಟ್ಟು ಹಾಡಿಸುತ್ತಿದ್ದರು. ಅಕ್ಕಪಕ್ಕದ ಅಂಗಡಿಯ ಹುಡುಗರೆಲ್ಲ ಸುತ್ತ ನೆರೆಯುತ್ತಿದ್ದರು. ನನ್ನ ಹೈಸ್ಕೂಲು ಮುಗಿಯುವ ಹೊತ್ತಿಗೆ ಅದು ದನಿ ಕಳೆದುಕೊಂಡಿತು. ಅಪ್ಪಾಜಿ ಅದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಅವರು ತೀರಿಕೊಂಡ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಪೆಟ್ಟಿಗೆಯ ಒಳಗೇನಿದೆ ಎಂದು ತಿಳಿಯದೆ ಇಷ್ಟು ವರ್ಷ ಅದನ್ನು ಅಟ್ಟದ ಮೇಲೆ ಬಿಟ್ಟಿದ್ದು ನನಗೆ ಬಹಳ ದಿನದಿಂದ ಕೊರೆಯುತ್ತಿತ್ತು.

ಅದು ಫೋರ್ಡ್ ಮಾಡೆಲ್ ಟಿ ಕಾರಿನ ಟ್ರೆಂಬ್ಲರ್ ಕಾಯಿಲ್, ಪಟ್ಟಿ ನಡುಗಿಸಿ ಕಿಡಿ ಹುಟ್ಟಿಸುವ ತಂತಿಯ ಸುರುಳಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ಮಾರಾಟವಾದ ಕಾರು ಅದು. ಅದರಲ್ಲಿ ಸಿಲಿಂಡರ್ ನಾಲ್ಕು, ಇಂಥ ಪೆಟ್ಟಿಗೆಗಳೂ ನಾಲ್ಕು. ಚಾಲಕನ ಮುಂದೆಯೇ ಒಂದು ದೊಡ್ಡ ಪೆಟ್ಟಿಗೆಯೊಳಗೆ ಈ ನಾಲ್ಕೂ ಸಾಲಾಗಿ ಕುಳಿತಿರುತ್ತಿದ್ದವು. ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೇ 16 ಅಯಸ್ಕಾಂತಗಳನ್ನು ಬಿಗಿದಿದ್ದರು. ಅವು 16 ಸುರುಳಿಗಳ ಎದುರು ಸುತ್ತುವಾಗ ಹುಟ್ಟುವ ವಿದ್ಯುತ್ತು ಪೆಟ್ಟಿಗೆಗಳಿಗೆ ಹೋಗುತ್ತಿತ್ತು. ಯಾವ ಪೆಟ್ಟಿಗೆ ಯಾವಾಗ ಹಾಡಬೇಕು ಎಂದು ಹೇಳಲು ಎಂಜಿನ್ನಿನ ಮುಂಭಾಗದಲ್ಲಿ ಟೈಮರ್ ಎಂಬ ಒಂದು ತಿರುಗುವ ಸ್ವಿಚ್ ಇತ್ತು. ಸರದಿ ಬಂದ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು, ಅದರ ಸಿಲಿಂಡರಿನಲ್ಲಿ ಒಂದಲ್ಲ, ಕಿಡಿಗಳ ಸಾಲೇ ಹಾರುತ್ತಿತ್ತು. ನಾಲ್ಕರಲ್ಲಿ ಯಾವುದಾದರೂ ಸೊರಗಿದರೆ ಚಾಲಕನ ಕಿವಿಗೆ ಕುಳಿತಲ್ಲೇ ತಿಳಿಯುತ್ತಿತ್ತು.

ಈ ನಡುಗುವ ಪಟ್ಟಿಯಲ್ಲಿಯೇ ಎಲ್ಲ ಗುಟ್ಟೂ ಇದೆ. ಆ ಗುಟ್ಟನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಂಬಾಸಡರ್ ಕಾರಿನ ಬಾನೆಟ್ಟಿನ ಕೆಳಗೆ.

ನನಗಾಗ ಒಂಬತ್ತೋ ಹತ್ತೋ ವರ್ಷ. ಅಪ್ಪಾಜಿ ನನ್ನನ್ನು ಬಂಪರಿನ ಮೇಲೆ ನಿಲ್ಲಿಸಿ, ಡೆಲ್ಕೋದ, ಅಂದರೆ ಕಿಡಿಯನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಡಬ್ಬಿಯ, ಕ್ಯಾಪ್ ತೆಗೆದು, ಅದರಲ್ಲಿ ತಿರುಗುವ ರೋಟರ್ ಕಿತ್ತು, ಒಳಗಿನ ಪಾಯಿಂಟ್ ತೋರಿಸಿದರು. ಎರಡು ಪುಟ್ಟ ಲೋಹದ ಬಿಲ್ಲೆಗಳು, ಒಂದನ್ನೊಂದು ಮುಟ್ಟಿಕೊಂಡಿದ್ದವು. ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಅರ್ಧ ಬೆರಳಿನಷ್ಟು ದೂರ ಹಿಡಿದು, ಕೀ ಆನ್ ಮಾಡಲು ಡ್ರೈವರ್ ಮಾಮನಿಗೆ ಹೇಳಿದರು. "ಎಲ್ಲಿ ಕಿಡಿ ಹಾರುತ್ತದೆ ನೋಡು ಮಗಳೇ" ಎಂದು ಸ್ಕ್ರೂಡ್ರೈವರಿನ ತುದಿಯಿಂದ ಬಿಲ್ಲೆಗಳನ್ನು ಬಿಡಿಸಿದರು. ಟಪ್ ಎಂದಿತು. ಮತ್ತೆ ಕೂಡಿಸಿದರು, ಏನೂ ಆಗಲಿಲ್ಲ. ಬಿಡಿಸಿದರು, ಟಪ್. ಸ್ವಿಚ್ ಕೂಡಿದರೆ ದೀಪ ಹತ್ತುತ್ತದೆ ಎಂದಷ್ಟೇ ಗೊತ್ತಿದ್ದ ನನಗೆ ಇದು ತಲೆಕೆಳಗಾಗಿ ಕಂಡಿತು. "ಕೂಡಿದಾಗ ತುಂಬುತ್ತದೆ, ಬಿಟ್ಟಾಗ ಹೊಡೆಯುತ್ತದೆ" ಎಂದರು ಅಪ್ಪಾಜಿ. ಅಷ್ಟೇ ಅವರ ವಿವರಣೆ.

ಇಂದು ಕರಿಹಲಗೆಯ ಮೇಲೆ ನಾನು ಅದನ್ನೇ ಉದ್ದವಾಗಿ ಹೇಳುತ್ತೇನೆ. ದಪ್ಪ ತಂತಿಯ ಮೊದಲ ಸುರುಳಿಯಲ್ಲಿ ಕರೆಂಟು ಹರಿಯುವಾಗ ನಡುವಿನ ಕಬ್ಬಿಣ ಅಯಸ್ಕಾಂತವಾಗಿರುತ್ತದೆ. ಪಾಯಿಂಟ್ ಬಿಟ್ಟೊಡನೆ ಆ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಕುಸಿತ ಎಷ್ಟು ಚುರುಕೋ, ಅದರ ಮೇಲೆ ಸುತ್ತಿದ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳಲ್ಲಿ ಅಷ್ಟು ಹೆಚ್ಚು ಒತ್ತಡ ಹುಟ್ಟುತ್ತದೆ. 12 ವೋಲ್ಟ್ ಹತ್ತು ಸಾವಿರ ದಾಟುವುದು ಹೀಗೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ ಇದೇ. ನಮ್ಮ ಮಕ್ಕಳು ಆ ನಿಯಮವನ್ನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಅದರಿಂದ ಹುಟ್ಟಿದ ಕಿಡಿಯನ್ನು ಒಮ್ಮೆಯೂ ನೋಡಿರುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ.

ಮರದ ಪೆಟ್ಟಿಗೆಯಲ್ಲಿ ಬಿಡಿಸುವ ಕೆಲಸವನ್ನು ಆ ಉಕ್ಕಿನ ಪಟ್ಟಿ ತಾನೇ ಮಾಡಿಕೊಳ್ಳುತ್ತದೆ. ಕರೆಂಟು ಹರಿದಾಗ ಒಳಗಿನ ಕಬ್ಬಿಣ ಪಟ್ಟಿಯನ್ನು ಸೆಳೆಯುತ್ತದೆ. ಸೆಳೆದ ಕೂಡಲೇ ಬಿಲ್ಲೆಗಳು ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ, ಕಿಡಿ ಹಾರುತ್ತದೆ. ಕರೆಂಟಿಲ್ಲದ ಮೇಲೆ ಸೆಳೆತವಿಲ್ಲ, ಪಟ್ಟಿ ಮರಳಿ ಮೇಲೇಳುತ್ತದೆ, ಬಿಲ್ಲೆಗಳು ಮತ್ತೆ ಕೂಡುತ್ತವೆ. ಹಳೆಯ ವಿದ್ಯುತ್ ಕರೆಗಂಟೆಯ ವಿದ್ಯೆಯೂ ಇದೇ. ಮೊದಲ ಕಾಲದ ಕಾರುಗಳನ್ನು ಒರಟು ಯಂತ್ರಗಳು ಎಂದು ಕರೆಯುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಮರ, ಮೇಣ, ಕಾಗದ, ಡಾಂಬರು, ಅಭ್ರಕ ಇಷ್ಟನ್ನೇ ಇಟ್ಟುಕೊಂಡು ಸಾವಿರಾರು ವೋಲ್ಟನ್ನು ಹಿಡಿದಿಟ್ಟವರ ಕೈಯಲ್ಲಿ ಒರಟುತನವೆಲ್ಲಿದೆ?

ಅದಕ್ಕೂ ಮೊದಲಿನ ಪಾಡನ್ನು ನೋಡಿದರೆ ಈ ಪೆಟ್ಟಿಗೆಯ ಬೆಲೆ ತಿಳಿಯುತ್ತದೆ. ಜರ್ಮನಿಯ ಡೈಮ್ಲರ್ ಮತ್ತು ಮೇಬಾಕ್ ತಮ್ಮ ಮೊದಮೊದಲ ಎಂಜಿನ್ನುಗಳಲ್ಲಿ ಕಿಡಿಯನ್ನೇ ಬಳಸಲಿಲ್ಲ. ಸಿಲಿಂಡರಿನಿಂದ ಹೊರಕ್ಕೆ ಚಾಚಿದ ಒಂದು ಕೊಳವೆ, ಅದನ್ನು ಹೊರಗಿನಿಂದ ಸದಾ ಕೆಂಪಗೆ ಕಾಯಿಸುವ ಒಂದು ಬರ್ನರ್. ಪಿಸ್ಟನ್ ಒತ್ತಿದಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಾದ ಕೊಳವೆಯೊಳಗೆ ನುಗ್ಗಿ ಹೊತ್ತಿಕೊಳ್ಳುತ್ತಿತ್ತು. ನಮ್ಮ ಮಂಡಕ್ಕಿ ಭಟ್ಟಿಯ ಒಲೆಯೊಂದನ್ನು ಉರಿಯುತ್ತಿರುವಂತೆಯೇ ಪೆಟ್ರೋಲಿನ ಪಕ್ಕ ಕಟ್ಟಿಕೊಂಡು ಊರೂರು ತಿರುಗುವುದನ್ನು ಕಲ್ಪಿಸಿಕೊಳ್ಳಿ. ಗಾಳಿಗೆ ಬರ್ನರ್ ಆರಿದರೆ ಗಾಡಿ ನಿಂತಂತೆ. ವೇಗ ಹೆಚ್ಚಿದಾಗ ಸ್ವಲ್ಪ ಮುಂಚೆ ಹೊತ್ತಿಸಬೇಕು ಎಂದರೆ ಅದಕ್ಕೆ ದಾರಿಯೂ ಇರಲಿಲ್ಲ.

ಕಾರ್ಲ್ ಬೆಂಜ್ ಮಾತ್ರ ಆರಂಭದಿಂದಲೂ ಬ್ಯಾಟರಿ ಮತ್ತು ನಡುಗುವ ಕಾಯಿಲ್‌ಗೆ ಅಂಟಿಕೊಂಡರು. ಕಿಡಿಯನ್ನು ಅವರು ಸಮಸ್ಯೆಗಳ ಸಮಸ್ಯೆ ಎಂದು ಕರೆದಿದ್ದರು. 1888ರ ಆಗಸ್ಟಿನಲ್ಲಿ ಅವರ ಹೆಂಡತಿ ಬೆರ್ಥಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಅವರು ಕಟ್ಟಿದ ಮೂರು ಗಾಲಿಯ ಗಾಡಿಯನ್ನು ಓಡಿಸಿಕೊಂಡು ಹೋದರು. ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ದಾರಿ. ನಮ್ಮ ಲೆಕ್ಕದಲ್ಲಿ ದಾವಣಗೆರೆಯಿಂದ ಹೊರಟು ಚಿತ್ರದುರ್ಗ ದಾಟಿ ಹಿರಿಯೂರು ಮುಟ್ಟಿದ ಹಾಗೆ. ನಡುದಾರಿಯಲ್ಲಿ ಪೆಟ್ರೋಲಿನ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಇಗ್ನಿಷನ್ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗತೊಡಗಿದಾಗ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಸುತ್ತಿದರು. ಮೊದಲ ದೂರಪ್ರಯಾಣದ ಮೊದಲ ಎಲೆಕ್ಟ್ರಿಷಿಯನ್ ಒಬ್ಬ ಹೆಂಗಸು ಎಂದು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಹೇಳುವಾಗ ಪ್ರತಿ ಸಲವೂ ಭರಮಸಾಗರ ನೆನಪಾಗುತ್ತದೆ.

1986ರ ಮೇ ತಿಂಗಳು. ಚಿತ್ರದುರ್ಗದಲ್ಲಿ ಅತ್ತೆಯ ಮಗಳ ಮದುವೆ. ಬಾಡಿಗೆಯ ಅಂಬಾಸಡರಿನಲ್ಲಿ ನಾವು ಎಂಟು ಜನ, ಜೊತೆಗೆ ಎರಡು ಚೀಲ ಎಲೆ ಅಡಿಕೆ. ಆನಗೋಡು ದಾಟುವವರೆಗೆ ಗಾಡಿ ನೆಟ್ಟಗಿತ್ತು. ಆಮೇಲೆ ಕೆಮ್ಮತೊಡಗಿತು. ಸೈಲೆನ್ಸರಿನಲ್ಲಿ ಪಟಾಕಿಯಂಥ ಸದ್ದು. ಭರಮಸಾಗರಕ್ಕೆ ಇನ್ನೆರಡು ಕಿಲೋಮೀಟರ್ ಇದೆ ಎನ್ನುವಾಗ ಪೂರ್ತಿ ನಿಂತಿತು. ಡ್ರೈವರ್ ಮಾಮ ಪೆಟ್ರೋಲಿನಲ್ಲಿ ಕಸ ಬಂದಿದೆ ಎಂದರು. ಅಪ್ಪಾಜಿ ಬಿಳಿ ಪಂಚೆಯನ್ನು ಮೇಲೆ ಕಟ್ಟಿ, ಕ್ಯಾಪ್ ತೆಗೆದು, ಸೆಲ್ಫ್ ಹೊಡೆಯಲು ಹೇಳಿ ಪಾಯಿಂಟನ್ನೇ ದಿಟ್ಟಿಸಿದರು. ಬಿಸಿಲಿಗೆ ಕಾಣುವುದಿಲ್ಲವೆಂದು ನನ್ನ ಕೈಗೆ ಛತ್ರಿ ಕೊಟ್ಟು ಅಡ್ಡ ಹಿಡಿಯಲು ಹೇಳಿದರು. ಬಿಲ್ಲೆಗಳು ಬಿಟ್ಟುಕೊಳ್ಳುವಾಗಲೆಲ್ಲ ಅವುಗಳ ನಡುವೆ ಹಳದಿ ಬೆಂಕಿ ಭಗ್ಗೆನ್ನುತ್ತಿತ್ತು. "ಪೆಟ್ರೋಲ್ ಅಲ್ಲ ಮಾರಾಯ, ಕಂಡೆನ್ಸರ್ ಹೋಗಿದೆ" ಎಂದರು.

ಕಂಡೆನ್ಸರ್ ಎಂದರೆ ಕಿರುಬೆರಳಿನ ತುದಿಯಷ್ಟು ದಪ್ಪದ ತಗಡಿನ ಕೊಳವೆ. ಒಳಗೆ ತೆಳು ಲೋಹದ ಹಾಳೆ ಮತ್ತು ಮೇಣದ ಕಾಗದದ ಸುರುಳಿ. ಪಾಯಿಂಟ್ ಬಿಟ್ಟಾಗ ಹರಿಯುತ್ತಿದ್ದ ಕರೆಂಟು ತಟ್ಟನೆ ನಿಲ್ಲಲು ಒಪ್ಪುವುದಿಲ್ಲ, ಆ ಸಣ್ಣ ಸಂದಿಯನ್ನು ಬೆಂಕಿಯಾಗಿ ಹಾರಿ ದಾಟಲು ನೋಡುತ್ತದೆ. ದಾಟಿಬಿಟ್ಟರೆ ಕಡಿತ ನಿಧಾನವಾಯಿತು, ಕುಸಿತ ನಿಧಾನವಾಯಿತು, ಪ್ಲಗ್ಗಿನಲ್ಲಿ ಕಿಡಿ ಸತ್ತಿತು. ಕಂಡೆನ್ಸರ್ ಆ ನುಗ್ಗುವ ಕರೆಂಟಿಗೆ ಒಂದು ಗಳಿಗೆ ಜಾಗ ಕೊಡುತ್ತದೆ. ಅಷ್ಟರಲ್ಲಿ ಬಿಲ್ಲೆಗಳು ದೂರ ಸರಿದಿರುತ್ತವೆ. ಬೆಳಕಿನ ವೇಗವನ್ನು ನೆಲದ ಮೇಲೆ ಮೊದಲು ಅಳೆದ ಫ್ರಾನ್ಸಿನ ಫಿಜೋ ಎಂಬ ವಿಜ್ಞಾನಿ 1853ರಲ್ಲಿಯೇ ಕಾಯಿಲ್‌ಗೆ ಕಂಡೆನ್ಸರ್ ಕೂಡಿಸುವ ಉಪಾಯವನ್ನು ಹೇಳಿದ್ದರು. ಆಗಿನ್ನೂ ಕಾರೇ ಹುಟ್ಟಿರಲಿಲ್ಲ. ಅಪ್ಪಾಜಿಗೆ ಫಿಜೋ ಗೊತ್ತಿರಲಿಲ್ಲ, ಆ ಹಳದಿ ಬೆಂಕಿ ಗೊತ್ತಿತ್ತು.

ಅವರು ಯಾರದೋ ಸೈಕಲ್ಲಿನ ಹಿಂದೆ ಕುಳಿತು ಭರಮಸಾಗರಕ್ಕೆ ಹೋದರು. ಅಲ್ಲಿ ಅಂಬಾಸಡರಿನ ಸಾಮಾನು ಎಲ್ಲಿಂದ ಬರಬೇಕು? ಸ್ಕೂಟರ್ ರಿಪೇರಿಯ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಹಳೆಯ ಕಂಡೆನ್ಸರ್ ಒಂದನ್ನು ತಂದರು. ಡೆಲ್ಕೋದ ಒಳಗೆ ಅದು ಕೂರಲಿಲ್ಲ. ಹೊರಗಡೆಯೇ ಇಟ್ಟು, ಅದರ ವೈರನ್ನು ಪಾಯಿಂಟಿನ ವೈರಿಗೆ ಸೇರಿಸಿ, ತಗಡಿನ ಮೈಯನ್ನು ಡೆಲ್ಕೋದ ಮೈಗೆ ತಂತಿಯಿಂದ ಬಿಗಿದು ಅರ್ತ್ ಮಾಡಿದರು. ಸುಟ್ಟು ಕಪ್ಪಾಗಿದ್ದ ಬಿಲ್ಲೆಗಳನ್ನು ಸಣ್ಣ ಅರದಿಂದ ತಿಕ್ಕಿದರು. ಗಾಡಿ ಮೊದಲ ಸೆಲ್ಫಿಗೇ ಎದ್ದಿತು. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ನಾವು ಛತ್ರದಲ್ಲಿದ್ದೆವು. ಅಪ್ಪಾಜಿಯ ಪಂಚೆಯ ಮೇಲೆ ಗ್ರೀಸಿನ ಐದು ಬೆರಳಿನ ಗುರುತು ಇತ್ತು. ಮದುವೆಯ ಫೋಟೋದಲ್ಲಿ ಅದು ಈಗಲೂ ಕಾಣುತ್ತದೆ. ಆ ಸ್ಕೂಟರಿನ ಕಂಡೆನ್ಸರಿನಲ್ಲಿ ಆ ಕಾರು ನಾಲ್ಕು ತಿಂಗಳು ಓಡಿತು.

ಡೆಲ್ಕೋ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅಂಗಡಿಯಲ್ಲಿ ಯಾರೂ ಡಿಸ್ಟ್ರಿಬ್ಯೂಟರ್ ಎನ್ನುತ್ತಿರಲಿಲ್ಲ, ಡೆಲ್ಕೋ ಎಂದೇ ಎನ್ನುತ್ತಿದ್ದರು. ಅದರ ಅರ್ಥ ಗೊತ್ತಾದದ್ದು ನಾನು ಎಂ.ಎಸ್‌ಸಿ. ಓದುವಾಗ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಒಂದು ಕಂಪನಿ ಕಟ್ಟಿದರು. ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಎಂಬ ಆ ಹೆಸರಿನ ಮೊದಲಕ್ಷರಗಳೇ ಡೆಲ್ಕೋ. ಅವರು ಕೆಲಸ ಆರಂಭಿಸಿದ್ದು ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ನಡುಗುವ ಪಟ್ಟಿಯ ಕಿಡಿಗಳ ಸಾಲಿನಲ್ಲಿ ಒಂದು ತೊಡಕಿತ್ತು. ಪಟ್ಟಿ ನಡುಗಲು ತೊಡಗುವುದಕ್ಕೆ ಕೊಂಚ ಹೊತ್ತು ಬೇಕು, ಆ ಹೊತ್ತು ನಾಲ್ಕು ಪೆಟ್ಟಿಗೆಗಳಲ್ಲಿ ನಾಲ್ಕು ಬಗೆ, ಹೀಗಾಗಿ ಟೈಮಿಂಗ್ ಕದಲುತ್ತಿತ್ತು. ಕೆಟರಿಂಗ್ ಕಿಡಿಗಳ ಸಾಲಿನ ಬದಲು ಬೇಕಾದ ಗಳಿಗೆಗೆ ಸರಿಯಾಗಿ ಒಂದೇ ಬಲವಾದ ಕಿಡಿ ಕೊಡುವ ವ್ಯವಸ್ಥೆ ಮಾಡಿದರು. 1910ರ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಎರಡು ವರ್ಷದ ಬಳಿಕ ಅವರದೇ ಸೆಲ್ಫ್ ಸ್ಟಾರ್ಟರ್ ಬಂತು. ಕೊಟ್ಟಿಗೆಯಲ್ಲಿ ಹುಟ್ಟಿದ ಹೆಸರೊಂದು ಪಿ.ಬಿ. ರಸ್ತೆಯಲ್ಲಿ ಬಿಡಿಭಾಗದ ಹೆಸರಾಗಿ ಕುಳಿತಿತ್ತು. ಈ ವಿಷಯ ಹೇಳಿದ ದಿನ ಅಪ್ಪಾಜಿ ಕೈಯಲ್ಲಿದ್ದ ಕ್ಯಾಪನ್ನು ತಿರುಗಿಸಿ ತಿರುಗಿಸಿ ನೋಡಿದರು.

ಸೆಲ್ಫ್ ಬರುವ ಮೊದಲು ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು, ಆಗ ಕಿಡಿಯ ಟೈಮಿಂಗ್ ತಪ್ಪಿದರೆ ಕೈ ಮುರಿಯುತ್ತಿತ್ತು. ಮಾಡೆಲ್ ಟಿ ಕಾರಿನ ಸ್ಟೀರಿಂಗಿನ ಎಡಗಡೆ ಒಂದು ಕಡ್ಡಿ ಇರುತ್ತದೆ, ಅದು ಕಿಡಿಯನ್ನು ಹಿಂದೆ ಮುಂದೆ ಸರಿಸುವುದಕ್ಕೆ. ಹ್ಯಾಂಡಲ್ ತಿರುಗಿಸುವಾಗ ಅದನ್ನು ಪೂರ್ತಿ ಹಿಂದಕ್ಕೆ ಇಟ್ಟಿರಬೇಕು. ಮರೆತರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಮಿಶ್ರಣ ಹೊತ್ತಿ, ಹ್ಯಾಂಡಲ್ ತಿರುಗಿ ಬೀಳುತ್ತದೆ. ನನ್ನ ಅಜ್ಜ ಚನ್ನಗಿರಿಯ ಕಡೆ ಓಡುತ್ತಿದ್ದ ಬಸ್ಸೊಂದರಲ್ಲಿ ಕ್ಲೀನರ್ ಆಗಿದ್ದವರು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು ಎಂದು ಅವರು ಮೊಮ್ಮಕ್ಕಳಿಗೆ ಪೊರಕೆ ಕಡ್ಡಿಯ ಕಟ್ಟು ಹಿಡಿದು ತೋರಿಸುತ್ತಿದ್ದರು. ಅವರ ಬಲ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು.

ಬ್ಯಾಟರಿಯೇ ಬೇಡದ ಇನ್ನೊಂದು ದಾರಿ ಮ್ಯಾಗ್ನೆಟೋ. ಅಯಸ್ಕಾಂತದ ನಡುವೆ ಸುರುಳಿ ತಿರುಗಿ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ತನ್ನ ಪಾಯಿಂಟನ್ನು ತಾನೇ ಬಿಡಿಸಿ ಕಿಡಿ ಕೊಡುತ್ತದೆ. ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಗಾಟ್ಲೊಬ್ ಹೊನೊಲ್ಡ್ 1902ರಲ್ಲಿ ಅದರ ಹೆಚ್ಚು ವೋಲ್ಟೇಜಿನ ರೂಪವನ್ನು ಸ್ಪಾರ್ಕ್ ಪ್ಲಗ್ಗಿನ ಸಮೇತ ತಯಾರಿಸಿದರು. ದಾವಣಗೆರೆಯ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಬಾಷ್ ಡ್ರಿಲ್ಲಿನ ಮೇಲೆ ಒಂದು ವೃತ್ತ, ಅದರೊಳಗೆ ಹೆಚ್ ಅಕ್ಷರದಂಥ ಗುರುತು ಕಾಣುತ್ತದೆ. ಅದು ಅಕ್ಷರವಲ್ಲ, ಮ್ಯಾಗ್ನೆಟೋದ ನಡುವೆ ತಿರುಗುವ ಆರ್ಮೇಚರಿನ ಚಿತ್ರ. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಿಂದ ಕಾರ್ಖಾನೆ ತೆರೆದದ್ದು ಇದೇ ಬಾಷ್‌ನ ಕೊಂಬೆ. ಅಪ್ಪಾಜಿಯ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಮೈಕೋ ಪ್ಲಗ್ಗಿನ ಖಾಲಿ ಡಬ್ಬಿಗಳಿದ್ದವು, ಒಳಗೆ ಸ್ಕ್ರೂಗಳು. ಲೂನಾ ರಿಪೇರಿಯವರು ಇಂದಿಗೂ ಮ್ಯಾಗ್ನೆಟ್ ಕಾಯಿಲ್ ಎನ್ನುತ್ತಾರೆ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಒಂದೊಂದು ಎಂಜಿನ್ನಿಗೆ ಎರಡೆರಡು ಮ್ಯಾಗ್ನೆಟೋ ಈಗಲೂ ಇರುತ್ತವೆ, ಬ್ಯಾಟರಿ ಸತ್ತರೂ ಆಕಾಶದಲ್ಲಿ ಕಿಡಿ ನಿಲ್ಲಬಾರದೆಂದು.

ಮತ್ತೆ ನನ್ನ ಪೆಟ್ಟಿಗೆಗೆ ಬರುತ್ತೇನೆ. ಅದು ದನಿ ಕಳೆದುಕೊಂಡದ್ದು ಏಕೆ ಎಂದು ಭರಮಸಾಗರದ ಬೆಂಕಿಯನ್ನು ನೋಡಿದವಳಿಗೆ ಮೊದಲೇ ಹೊಳೆಯಬೇಕಿತ್ತು. ಅದರ ಕಂಡೆನ್ಸರ್ ಪೆಟ್ಟಿಗೆಯ ಹೊಟ್ಟೆಯಲ್ಲಿದೆ, ಡಾಂಬರಿನಲ್ಲಿ ಹೂತು. ಮೇಣದ ಕಾಗದಕ್ಕೆ ಎಷ್ಟು ದಶಕದ ಆಯಸ್ಸು? ಪಕ್ಕದ ಹಲಗೆಯನ್ನು ಜಾರಿಸಿ ತೆಗೆದು, ಮೂರು ಸಂಜೆ ಕುಳಿತು ಡಾಂಬರನ್ನು ಚೂರುಚೂರಾಗಿ ಕೆರೆದೆ. ಕೂದಲಿನಂಥ ತಂತಿಗೆ ಉಳಿ ತಾಗಿದರೆ ಎಲ್ಲವೂ ಮುಗಿದಂತೆ, ಹಾಗಾಗಿ ಮರದ ಕಡ್ಡಿಯನ್ನು ಚೂಪು ಮಾಡಿ ಕೆರೆದೆ. ಹಳೆಯ ಕಂಡೆನ್ಸರನ್ನು ಕತ್ತರಿಸಿ ಬದಲಿಗೆ 0.47 ಮೈಕ್ರೋಫ್ಯಾರಡ್, 630 ವೋಲ್ಟಿನ ಹೊಸದನ್ನು ಬೆಸುಗೆ ಹಾಕಿದೆ. ಟಿ.ವಿ. ರಿಪೇರಿಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು, ಶೇಂಗಾ ಬೀಜದಷ್ಟು ದೊಡ್ಡದು. ಡಾಂಬರನ್ನು ಮತ್ತೆ ಕರಗಿಸಿ ಸುರಿದೆ. ಅಡುಗೆಮನೆ ಎರಡು ದಿನ ರಸ್ತೆ ಕೆಲಸದ ಹಾಗೆ ನಾತ ಹೊಡೆಯಿತು, ಅಮ್ಮ ಏನೂ ಅನ್ನಲಿಲ್ಲ.

ಬಿಲ್ಲೆಗಳ ಸಂದಿಯನ್ನು ಹೊಂದಿಸುವಾಗ ಟ್ರಂಕಿನಲ್ಲಿ ಫೀಲರ್ ಗೇಜ್ ಹುಡುಕಿದೆ. ಅದರ ಜೊತೆಗೆ ಒಂದು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಸಿಕ್ಕಿತು, ಹಲ್ಲುಗಳನ್ನೆಲ್ಲ ಉಜ್ಜಿ ನುಣುಪು ಮಾಡಿತ್ತು. ಅಪ್ಪಾಜಿ ಅಂಬಾಸಡರಿನ ಪ್ಲಗ್ಗಿನ ಸಂದಿಯನ್ನು ಇದರಿಂದಲೇ ಅಳೆಯುತ್ತಿದ್ದರು. ಗೇಜಿನ ಪಕ್ಕದಲ್ಲಿಟ್ಟು ನೋಡಿದೆ. ಇಂಚಿನ ಸಾವಿರದಲ್ಲಿ 25 ಭಾಗ, ಆ ಪ್ಲಗ್ಗಿಗೆ ಬೇಕಾದದ್ದೂ ಅಷ್ಟೇ.

ಸೋಮವಾರ ಪೆಟ್ಟಿಗೆಯನ್ನು ತರಗತಿಗೆ ಒಯ್ದೆ. ಕಿಟಕಿಗಳನ್ನು ಮುಚ್ಚಿಸಿ, ಮಕ್ಕಳನ್ನು ಮೇಜಿನ ಸುತ್ತ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಳ್ಳಲು ಹೇಳಿ ತಂತಿ ತಾಗಿಸಿದೆ. ಕಿಡಿ ಹಾರಿತು, ಓಝೋನಿನ ವಾಸನೆ ಎದ್ದಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮೇಡಂ, ಕರೆಂಟು ಕಡಿಯುವಾಗ ಬರುತ್ತದೋ, ಕೂಡುವಾಗಲೋ?" ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅವಳ ಕೈಗೆ ಒಣಮರದ ಕಡ್ಡಿಯೊಂದನ್ನು ಕೊಟ್ಟು ನಡುಗುವ ಪಟ್ಟಿಯನ್ನು ಮೆಲ್ಲಗೆ ಒತ್ತಿ ಹಿಡಿದು ಬಿಟ್ಟು ನೋಡಲು ಹೇಳಿದೆ. ಮೂರನೆಯ ಸಲಕ್ಕೆ ಅವಳಿಗೆ ತಿಳಿಯಿತು.

ಇನ್ನು ಟೈಮರ್ ಒಂದು ಸಿಗಬೇಕು. ಗುಜರಿ ಅಂಗಡಿಗಳಲ್ಲಿ ಹೇಳಿಟ್ಟಿದ್ದೇನೆ, ಮುಂದಿನ ವಾರ ಹರಿಹರಕ್ಕೂ ಹೋಗಿ ಕೇಳುವವಳಿದ್ದೇನೆ.